ಅಧ್ಯಕ್ಷರ ಯಜಮಾನರು ಮತ್ತು ಹಳೆಯ ಸರ್ವರ್

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿಯುವವರೆಲ್ಲ ಬಹುತೇಕ ಇನ್ನೊಂದು ಬಸ್ಸಿಗೆ ಕಾಯುವವರೇ. ಇಲ್ಲಿಗೇ ಅಂತ ಬರುವವರು ಕಡಿಮೆ. ಅಂಥ ಊರಿನ ರಸ್ತೆ ಬದಿಯಲ್ಲಿ, ಟೈರಿನ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ, ಮಲಪ್ರಭಾ ಮಹಿಳಾ ರೊಟ್ಟಿ ಬಳಗವಿದೆ. ಅಲ್ಲಿನ ಹೆಂಗಸರು ಬಡಿಯುವ ಖಡಕ್ ರೊಟ್ಟಿ, ಕುಟ್ಟುವ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು ಕೊರಿಯರಿನಲ್ಲಿ ಪುಣೆ, ಮೈಸೂರು, ಬೆಂಗಳೂರಿಗೆ ಹೋಗುತ್ತವೆ. ಕೊಳ್ಳುವವರು ಬಳಗದ ವೆಬ್‌ಸೈಟಿಗೆ ಬಂದು, ಬೇಕಾದ್ದನ್ನು ಆರಿಸಿ, ಅಲ್ಲೇ ಹಣ ಕಟ್ಟುತ್ತಾರೆ.

ಬಳಗದ ಅಧ್ಯಕ್ಷರು ಭಾಗ್ಯಜ್ಯೋತಿ. ಹಾಗಂತ ಬೋರ್ಡಿನ ಮೇಲೆ ಬರೆದಿದೆ. ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಿದ್ದವರು ಅವರ ಗಂಡ ದುರಗಪ್ಪ. ಹೆಂಡತಿಗೆ ತೊಂದರೆಯಾಗಬಾರದೆಂಬ ಒಂದೇ ಕಾಳಜಿಯಿಂದ ಅವರು ಸಭೆಗಳಲ್ಲಿ ತಾವೇ ಮಾತಾಡುತ್ತಿದ್ದರು, ಹೂಮಾಲೆಯ ಭಾರವನ್ನೂ ತಾವೇ ಹೊರುತ್ತಿದ್ದರು. ಬ್ಯಾಂಕಿಗೆ, ವೆಬ್‌ಸೈಟಿಗೆ, ಪಾವತಿ ಕಂಪನಿಗೆ ಎಲ್ಲ ಕಡೆಯೂ ತಮ್ಮದೇ ಮೊಬೈಲ್ ನಂಬರು ಕೊಟ್ಟಿದ್ದರು. ಭಾಗ್ಯಜ್ಯೋತಿ ಒಳಗೆ ಹಿಟ್ಟು ನಾದುತ್ತಿದ್ದರು. ಕೆಲಸದ ಇಷ್ಟು ಅಚ್ಚುಕಟ್ಟಾದ ಹಂಚಿಕೆ ಬಾದಾಮಿ ತಾಲೂಕಿನಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ.

ಬಂದ ಆರ್ಡರು ನೋಡಿ ಪೆಟ್ಟಿಗೆ ಕಟ್ಟಿಸಿ ಕಳಿಸುವ ಕೆಲಸ ಸುರೇಖಾಳದು. ಚೊಳಚಗುಡ್ಡದಿಂದ ದಿನಾ ಸ್ಕೂಟಿಯಲ್ಲಿ ಬರುತ್ತಿದ್ದಳು. ಬಳಗದಲ್ಲಿ ಇಮೇಲ್ ತೆರೆದು ನೋಡುವ ಕೆಟ್ಟ ಚಟ ಇದ್ದದ್ದು ಅವಳೊಬ್ಬಳಿಗೇ. ಆ ಚಟದಿಂದಲೇ ಈ ಕಥೆ ಶುರುವಾಯಿತು.

ಆ ಬೆಳಿಗ್ಗೆ ಪಾವತಿ ಕಂಪನಿಯಿಂದ ಈ ಸಲ ಬಳಗದ ಇಮೇಲಿಗೂ ಒಂದು ಪತ್ರ ಬಂದಿತ್ತು. ನಿಮ್ಮ ಅಂಗಡಿ ನಡೆಯುವ ಸರ್ವರಿನ ತಂತ್ರಾಂಶ ತೀರ ಹಳೆಯದು, ಗಿರಾಕಿಗಳ ಕಾರ್ಡಿನ ವಿವರವನ್ನು ಗುಟ್ಟಾಗಿ ಸಾಗಿಸುವ ಈಗಿನ ಪದ್ಧತಿ ಅದಕ್ಕೆ ಗೊತ್ತಿಲ್ಲ, ತಿಂಗಳ ಕೊನೆಯೊಳಗೆ ಹೊಸದಕ್ಕೆ ಏರಿಸದಿದ್ದರೆ ನಿಮ್ಮ ಅಂಗಡಿಯಿಂದ ಪಾವತಿ ಸ್ವೀಕರಿಸುವುದಿಲ್ಲ ಅಂತ. ಇಂಥವೇ ಪತ್ರಗಳು ಹಿಂದೆಯೂ ಬಂದಿದ್ದವು. ಅವೆಲ್ಲ ದುರಗಪ್ಪನವರ ಮೊಬೈಲಿಗೆ ಹೋಗಿ, ಅಲ್ಲಿ ಶುಭೋದಯದ ಗುಲಾಬಿ ಹೂಗಳ ಕೆಳಗೆ ಸಮಾಧಿಯಾಗಿದ್ದವು.

ಸುರೇಖಾ ಪತ್ರವನ್ನು ಓದಿ ಹೇಳಿದಳು. ದುರಗಪ್ಪನವರು ಕಣ್ಣು ಮುಚ್ಚಿಕೊಂಡು ಕೇಳಿದರು. ಅವರಿಗೆ ಹಿಡಿಸಿದ್ದು ಅದರಲ್ಲಿ ಒಂದೇ ಮಾತು.

"ಸೆಕ್ಯುರಿಟಿ!" ಅಂದರು. "ನಾ ಮೊದಲಿಂದ ಹೇಳ್ಕೋತ ಬಂದೇನಿ, ನಮ್ಮಲ್ಲಿ ಸೆಕ್ಯುರಿಟಿ ಸಾಲವಲ್ದು ಅಂತ."

"ಇದು ಆ ಸೆಕ್ಯುರಿಟಿ ಅಲ್ರಿ ಅಣ್ಣಾರ. ಸರ್ವರ್‌ದು."

"ಸೆಕ್ಯುರಿಟಿ ಅಂದ್ರ ಸೆಕ್ಯುರಿಟಿ ತಂಗಿ. ಅದರಾಗ ನಿಂದು ನಂದು ಅಂತ ಇರೂದಿಲ್ಲ. ನಾ ನೋಡ್ಕೋತೇನಿ, ನೀ ಚಿಂತಿ ಬಿಡು."

ವಾರ ಕಳೆಯುವುದರೊಳಗೆ ಬಳಗದ ಬಾಗಿಲಿಗೆ ಕಬ್ಬಿಣದ ಗ್ರಿಲ್ಲು ಬಂತು. ಒಲೆಗಳ ಮೇಲೆ ಒಂದು ಸಿಸಿ ಕ್ಯಾಮೆರಾ ಬಂತು. ಹೊಗೆಯಲ್ಲಿ ಅದಕ್ಕೆ ಏನೂ ಕಾಣುತ್ತಿರಲಿಲ್ಲ, ಆದರೆ ಅದರ ಕೆಂಪು ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ರೊಟ್ಟಿ ಬಡಿಯುವ ಜೈನಬಿ ಸೆರಗು ಸರಿಮಾಡಿಕೊಂಡು ಅದರ ಕಡೆಗೆ ಒಂದು ನೋಟ ಎಸೆದಳು. "ನಾವು ರೊಟ್ಟಿ ಕದೀತೇವಂತೇನು? ಕದ್ದರ ತಿನ್ನಾಕ ನಮಗ ಪುರಸೊತ್ತರ ಎಲ್ಲೈತಿ?"

ಸುರೇಖಾ ಮತ್ತೆ ಹೋಗಿ ಹೇಳಿದಳು. ಇನ್ನೂ ಒಮ್ಮೆ ಹೇಳಿದಳು. ತಿಂಗಳು ಮುಗಿಯುತ್ತ ಬಂದಿತ್ತು. ಕೊನೆಗೆ ಅವಳ ಕಾಟ ತಡೆಯಲಾರದೆ ದುರಗಪ್ಪನವರು ಬಾಗಲಕೋಟೆಯ ನವನಗರದಿಂದ ಧರ್ಮರಾಜ ಎಂಬ ತಜ್ಞರನ್ನು ಕರೆಸಿದರು. ಧರ್ಮರಾಜರ ಅಂಗಡಿಯ ಬೋರ್ಡಿನಲ್ಲಿ ಕಂಪ್ಯೂಟರ್ ರಿಪೇರಿ, ಝೆರಾಕ್ಸ್, ಪಾನ್ ಕಾರ್ಡ್, ಸೈಬರ್ ಸೆಕ್ಯುರಿಟಿ ಎಂದು ಬರೆದಿತ್ತು. ಕೊನೆಯ ಎರಡು ಶಬ್ದಗಳ ಬಣ್ಣ ಇನ್ನೂ ಒಣಗಿರಲಿಲ್ಲ.

ಧರ್ಮರಾಜರು ಬಂದು, ಚಹಾ ಕುಡಿದು, ಲ್ಯಾಪ್‌ಟಾಪ್ ತೆರೆದರು. ಓಟಿಪಿ ಬೇಕು ಅಂದರು. ದುರಗಪ್ಪನವರು ಬಾಗಿಲ ಹೊರಗೆ ನಿಂತು, ಬಾದಾಮಿ ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲರಿಗೂ ಕೇಳುವ ಹಾಗೆ ಒಂದೊಂದೇ ಅಂಕಿಯನ್ನು ಕೂಗಿ ಹೇಳಿದರು. ಧರ್ಮರಾಜರು ಬಹಳ ಹೊತ್ತು ಕೀಲಿಗಳನ್ನು ಕುಟ್ಟಿದರು. ಆಮೇಲೆ ಪರದೆಯನ್ನು ಎಲ್ಲರ ಕಡೆಗೂ ತಿರುಗಿಸಿದರು.

ವೆಬ್‌ಸೈಟಿನ ಮೂಲೆಯಲ್ಲಿ ಬೀಗದ ಚಿತ್ರವೊಂದು ಬಂದಿತ್ತು. ಹಸಿರು ಬೀಗ. ಅದರ ಕೆಳಗೆ 'ನೂರಕ್ಕೆ ನೂರು ಸುರಕ್ಷಿತ' ಅಂತ ಬರೆದಿತ್ತು.

"ಸರ್ವರ್ ಏರಿಸಿದ್ರೇನ್ರಿ ಸರ?" ಸುರೇಖಾ ಕೇಳಿದಳು.

"ಮೇಡಮ್ಮಾರ, ಇನ್ನ ಒಂದು ನೊಣಾನೂ ಒಳಗ ಬರೂದಿಲ್ಲ," ಅಂದರು ಧರ್ಮರಾಜರು. ಅವರಿಗೊಂದು ಶಾಲು ಹೊದಿಸಲಾಯಿತು.

ಆ ಮಾತು ಮಾತ್ರ ಸುಳ್ಳಾಗಲಿಲ್ಲ. ಹೊಸ ತಿಂಗಳ ಮೊದಲ ದಿನದಿಂದ ನೊಣವೂ ಬರಲಿಲ್ಲ, ಆರ್ಡರೂ ಬರಲಿಲ್ಲ. ಬಂದವರು ರೊಟ್ಟಿ ಆರಿಸುತ್ತಿದ್ದರು, ವಿಳಾಸ ತುಂಬುತ್ತಿದ್ದರು, ಹಣ ಕಟ್ಟುವ ಜಾಗಕ್ಕೆ ಬಂದ ಕೂಡಲೆ ಪಾವತಿ ಕಂಪನಿ ಬಾಗಿಲು ಹಾಕಿಬಿಡುತ್ತಿತ್ತು. ಸುರೇಖಾಳ ಫೋನು ಒಂದೇ ಸಮ ಬಡಕೊಳ್ಳತೊಡಗಿತು. ಪುಣೆಯ ಗಿರಾಕಿ ಕಸ್ತೂರಿಬಾಯಿ, ತವರು ಬಾದಾಮಿ ಹತ್ತಿರದ ಬನಶಂಕರಿಯಾದ್ದರಿಂದ ಬಯ್ಯುವ ಹಕ್ಕು ತಮಗಿದೆ ಎಂದು ತಿಳಿದವರು, ಮನಸಾರೆ ಬಯ್ದರು. "ಮಗಳ ಸೀಮಂತ ಐತಿ, ರೊಟ್ಟಿ ಬೇಕು ಅಂದ್ರ ನಿಮ್ಮ ವೆಬ್‌ಸೈಟ್ ನನ್ನ ಕಾರ್ಡ್ ತಿರುಗಿ ಒಗೀತೈತಿ. ಹಸಿರು ಬೀಗ ಹಾಕೀರಿ, ಕೀಲಿ ಎಲ್ಲಿಟ್ಟೀರಿ?"

ಸುರೇಖಾಳಿಗೆ ನಗುವೂ ಬಂತು, ಅಳುವೂ ಬಂತು. ಅಳು ಮುಂದಾಯಿತು.

"ಇಂಟರ್ನೆಟ್ ಇವತ್ತ ಊರತುಂಬ ಸರಿ ಇಲ್ಲ," ಅಂದರು ದುರಗಪ್ಪ. ಧರ್ಮರಾಜರು ಫೋನಿನಲ್ಲಿ ಇನ್ನೊಂದು ಬೀಗ ಹಾಕಿದರೆ ಹೇಗೆ ಎಂದು ವಿಚಾರಿಸಿದರು.

ಒಲೆಗಳು ಒಂದೊಂದಾಗಿ ಆರಿದವು. ಬಡಿದಿಟ್ಟ ರೊಟ್ಟಿ ಗೋಡೆಗುಂಟ ಏರಿತು. ಕೆಲಸವಿಲ್ಲವೆಂದು ಅರ್ಧ ಹೆಂಗಸರಿಗೆ ಬರಬೇಡಿ ಅಂತ ಹೇಳುವ ಪಾಳಿಯೂ ಸುರೇಖಾಳದೇ ಆಯಿತು. ಅಂಥ ಸಣ್ಣ ಕೆಲಸಕ್ಕೆ ದುರಗಪ್ಪನವರು ಕೈ ಹಾಕುತ್ತಿರಲಿಲ್ಲ. ಬೋರವ್ವ ಎಂಬ ಹಿರಿಯಳು ಸುಮ್ಮನೆ ಕೇಳಿಸಿಕೊಂಡು, ತನ್ನ ರೊಟ್ಟಿ ಹಂಚನ್ನು ತಿಕ್ಕಿ ತೊಳೆದು, ಬೋರಲು ಹಾಕಿ ಹೋದಳು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಅನಿಸಿತು ಸುರೇಖಾಳಿಗೆ.

ಮರುದಿನ ಅವಳು ಜೈನಬಿಯನ್ನು ಕರೆದುಕೊಂಡು ಹುನಗುಂದಕ್ಕೆ ಹೊರಟಳು. ಅಲ್ಲಿ ಹಣಮೇಶ ಇದ್ದ. ವೆಬ್‌ಸೈಟನ್ನು ಮೊದಲು ಕಟ್ಟಿದವನು ಅವನು. ಆಗ ಬಾದಾಮಿಯಲ್ಲಿದ್ದ, ಈಗ ಹುನಗುಂದದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಉದ್ಘಾಟನೆಯ ದಿನ ದುರಗಪ್ಪನವರು ವೇದಿಕೆಯ ಮೇಲೆ ಎಲ್ಲರ ಹೆಸರು ಹೇಳಿದ್ದರು, ಪೆಂಡಾಲಿನವನ ಹೆಸರನ್ನೂ ಹೇಳಿದ್ದರು. ಹಣಮೇಶನ ಹೆಸರು ಹೇಳಿರಲಿಲ್ಲ. ಅವತ್ತು ಊಟ ಮಾಡದೆ ಎದ್ದು ಹೋದವನು ಮತ್ತೆ ಕುಳಗೇರಿ ಕ್ರಾಸಿನಲ್ಲಿ ಬಸ್ಸು ಬದಲಿಸಿರಲಿಲ್ಲ. ಸುತ್ತಿನ ದಾರಿಯಾದರೂ ಸರಿ, ಬೇರೆ ಕಡೆಯಿಂದ ಹೋಗುತ್ತಿದ್ದ. ಕಂಪ್ಯೂಟರ್ ಓದಿದವರ ಸಿಟ್ಟೂ ಹಾಗೇ, ಒಮ್ಮೆ ಉಳಿಸಿದರೆ ಅಳಿಸಿ ಹೋಗುವುದಿಲ್ಲ.

ಮನೆ ಬಾಗಿಲಲ್ಲಿ ಇಬ್ಬರನ್ನೂ ನೋಡಿ ಅವನ ಮುಖ ಗಂಟಾಯಿತು. ಆದರೂ ಒಳಗೆ ಕರೆದ, ನೀರು ಕೊಟ್ಟ. ಸುರೇಖಾ ಎಲ್ಲ ಹೇಳಿದಳು. ಹಸಿರು ಬೀಗದ ಕಥೆ ಕೇಳುವಾಗ ಅವನ ಮುಖದ ಮೇಲೆ ಪರಮಾನಂದ ಕಂಡಿತು.

"ಶಾಲು ಹೊಚ್ಚಿದ್ರು?"

"ಹೊಚ್ಚಿದ್ರರಿ."

"ಬೀಗದ ಚಿತ್ರಕ್ಕ?"

"ಹೂಂ ರಿ."

"ನನಗ ಒಂದು ಲಿಂಬೀ ಹಣ್ಣೂ ಕೊಡಲಿಲ್ಲ," ಅಂದ ಹಣಮೇಶ. "ನಾ ಬರೂದಿಲ್ಲ. ದುರಗಪ್ಪ ಸಾಹುಕಾರರು ಬಂದು ಕರೀಲಿ."

ಸುರೇಖಾ ಬಾಯಿ ತೆರೆಯುವ ಮೊದಲೇ ಜೈನಬಿ ಚೀಲದಿಂದ ರೊಟ್ಟಿಯ ಕಟ್ಟು ತೆಗೆದು ಅವನ ಮುಂದಿಟ್ಟಳು. "ತಮ್ಮಾ, ನಿನ್ನ ಹೆಸರು ಹೇಳದಾಂವ ದುರಗಪ್ಪಣ್ಣ. ನೀ ಸಿಟ್ಟು ಮಾಡಿದ್ದಕ್ಕ ಅಂವ ಒಂದು ತುತ್ತು ಕಡಿಮಿ ಉಂಡಾನೇನು? ಅಂವಗ ನಿನ್ನ ನೆನಪೂ ಇಲ್ಲ. ಒಲಿ ಆರಿದ್ದು ನಮ್ಮವು. ಅಂವಗ ಸಿಟ್ಟು ತೋರ್ಸಾಕ ಹೋಗಿ ನಮ್ಮ ಮ್ಯಾಲ ಯಾಕ ತೋರಸ್ತೀಯೋ?"

ತನ್ನ ಸಿಟ್ಟು ಯಾರಿಗೂ ಗೊತ್ತೇ ಆಗಿಲ್ಲ ಎನ್ನುವ ಸುದ್ದಿ ಹಣಮೇಶನಿಗೆ ಅರಗಲು ಸಮಯ ಬೇಕಾಯಿತು. ಆಮೇಲೆ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. "ಐತವಾರ ಬರ್ತೇನಿ," ಅಂದ.

ಭಾನುವಾರ ಹೇಳಿದ ಹಾಗೇ ಬಳಗಕ್ಕೆ ಬಂದ. ಲ್ಯಾಪ್‌ಟಾಪ್ ತೆರೆದು ನೋಡಿ ಹಣೆ ಬಡಿದುಕೊಂಡ. ಅಂಗಡಿ ನಡೆಯುತ್ತಿದ್ದ ಹಳೆಯ ಸರ್ವರಿನ ತಂತ್ರಾಂಶಕ್ಕೆ ಅದನ್ನು ಮಾಡಿದವರೇ ಎಂದೋ ಎಳ್ಳುನೀರು ಬಿಟ್ಟಿದ್ದರು. ಅದನ್ನೇ ರಿಪೇರಿ ಮಾಡಿ ಪ್ರಯೋಜನವಿಲ್ಲ, ಹೊಸ ಸರ್ವರ್ ತೆಗೆದುಕೊಂಡು ಅಂಗಡಿಯನ್ನೇ ಅಲ್ಲಿಗೆ ಸಾಗಿಸಬೇಕು ಅಂದ. "ಹಳೇ ಮನಿಗೆ ಹೊಸಾ ಬಾಗಿಲಾ ಹಚ್ಚಾಕ ಬರಂಗಿಲ್ಲ, ಗ್ವಾಡೀನ ಬೀಳ್ತಾವ." ಸರ್ವರ್ ಬಾಡಿಗೆ ಕೊಡುವ ಕಂಪನಿ ಇದಕ್ಕೆ ಒಂದು ಓಟಿಪಿ ಕೇಳಿತು. ಓಟಿಪಿ ದುರಗಪ್ಪನವರ ಫೋನಿಗೆ ಹೋಯಿತು. ದುರಗಪ್ಪನವರು ಇಳಕಲ್ಲಿನಲ್ಲಿ ಸಂಬಂಧಿಕರ ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿದ್ದರು.

ಸುರೇಖಾ ಫೋನ್ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು. "ಅಣ್ಣಾರ, ಈಗ ಒಂದು ಓಟಿಪಿ ಬಂದಿರತೈತಿ, ಅದನ್ನಷ್ಟು ಹೇಳ್ರಿ."

"ತಂಗೀ," ದುರಗಪ್ಪನವರ ದನಿ ಗಂಭೀರವಾಯಿತು. "ಓಟಿಪಿ ಯಾರಿಗೂ ಹೇಳಬಾರದು. ಬ್ಯಾಂಕಿನವರು ಸಾರಿ ಸಾರಿ ಹೇಳ್ಯಾರ. ಸೆಕ್ಯುರಿಟಿ ಮುಖ್ಯ."

"ಧರ್ಮರಾಜ ಸರಗ ಹೇಳಿದ್ರಲ್ರಿ?"

"ಅವ್ರು ತಜ್ಞರು. ಹಣಮೇಶ ಬಂದಾನಂತಲ್ಲ, ಇರಲಿ. ನಾ ಬಂದ ಮ್ಯಾಲ ಒಂದು ಸಣ್ಣ ಕಾರ್ಯಕ್ರಮ ಇಟ್ಕೊಳ್ಳೂಣು. ತಾಲೂಕಿನ ನಾಕು ಮಂದಿ ಹಿರೇರು ಬರಲಿ, ಅವ್ರ ಸಮಕ್ಷಮ ಓಟಿಪಿ ಹೇಳ್ತೇನಿ." ಅಷ್ಟರಲ್ಲಿ ಯಾರೋ ಹೋಳಿಗೆ ಬಡಿಸಿದ್ದು ಕೇಳಿಸಿತು. ಫೋನು ಕಟ್ಟಾಯಿತು.

ಹಣಮೇಶ ಲ್ಯಾಪ್‌ಟಾಪ್ ಮುಚ್ಚತೊಡಗಿದ. ಅಷ್ಟು ಹೊತ್ತೂ ಒಳಬಾಗಿಲಲ್ಲಿ ನಿಂತಿದ್ದ ಭಾಗ್ಯಜ್ಯೋತಿ, ಕೈಯಲ್ಲಿನ ಹಿಟ್ಟನ್ನು ಉಜ್ಜಿ ಉದುರಿಸುತ್ತ ಮುಂದೆ ಬಂದರು.

"ಮುಚ್ಚಬ್ಯಾಡ ತಮ್ಮಾ," ಅಂದರು. "ಆ ಕಂಪನಿ ಕಾಗದದಾಗ ಅಧ್ಯಕ್ಷರು ಅಂತ ಯಾರ ಹೆಸರೈತಿ?"

"ನಿಮ್ಮದ ರಿ ಅಕ್ಕಾರ."

"ನಂದ ಐತಿ ಅಂದ್ಮ್ಯಾಲ, ಫೋನ್ ನಂಬರ್ ನಂದ ಯಾಕ ಇಲ್ಲ?"

ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಹೇಳಲಿಲ್ಲ. ಬೋರವ್ವನಿಗೆ ಬರಬೇಡ ಅಂದ ದಿನದಿಂದ ತಮಗೆ ನಿದ್ದೆ ಬಂದಿಲ್ಲ ಎಂದರು ಭಾಗ್ಯಜ್ಯೋತಿ. ನಂಬರು ಬದಲಿಸಲು ಏನು ಮಾಡಬೇಕು ಅಂತ ಕೇಳಿದರು. ಹಣಮೇಶ ನೋಡಿ ಹೇಳಿದ: ಗುರುತಿನ ಚೀಟಿ ಕಳಿಸಬೇಕು, ಆಮೇಲೆ ಕಂಪನಿಯವರು ವಿಡಿಯೋ ಕರೆ ಮಾಡಿ ಅಧ್ಯಕ್ಷರು ಇವರೇನಾ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.

"ನಾ ಮಾತಾಡಬೇಕಾ?" ಭಾಗ್ಯಜ್ಯೋತಿಯ ದನಿ ಇಳಿಯಿತು.

"ನೀವ ಮಾತಾಡಬೇಕ್ರಿ."

ಗುರುತಿನ ಚೀಟಿ ಹೋಯಿತು. ವಿಡಿಯೋ ಕರೆ ಮರುದಿನ ಮಧ್ಯಾಹ್ನಕ್ಕೆ ನಿಗದಿಯಾಯಿತು. ಅಷ್ಟರೊಳಗೆ ದುರಗಪ್ಪನವರಿಗೆ ಸುದ್ದಿ ಮುಟ್ಟಿ, ಅವರು ಇಳಕಲ್ಲಿನಿಂದ ಧಾವಿಸಿ ಬಂದಿದ್ದರು. ಸಿಟ್ಟೇನೂ ಮಾಡಿಕೊಂಡಿರಲಿಲ್ಲ, ಹೆಂಡತಿ ಪಾಪ ಒಬ್ಬಳೇ ಎದುರಿಸಬೇಕಾಗುತ್ತದಲ್ಲ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಕ್ಕದಲ್ಲಿ ಕುಳಿತರು. ಭಾಗ್ಯಜ್ಯೋತಿ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದರು.

ಪರದೆಯಲ್ಲಿ ಬೆಂಗಳೂರಿನ ಒಬ್ಬ ಹುಡುಗಿ ಕಾಣಿಸಿಕೊಂಡಳು. "ನಮಸ್ಕಾರ. ತಮ್ಮ ಹೆಸರು ಮತ್ತು ಸಂಸ್ಥೆಯಲ್ಲಿ ತಮ್ಮ ಹುದ್ದೆ ಹೇಳ್ತೀರಾ?"

"ಇವರು ಭಾಗ್ಯಜ್ಯೋತಿ ಅಂತ," ದುರಗಪ್ಪನವರು ಮುಖ ತೂರಿಸಿದರು. "ಅಧ್ಯಕ್ಷರ್ರಿ. ಭಾಳ ಹುಶಾರದಾರ. ಏನಿದ್ರೂ ನನ್ನ ಕೇಳ್ರಿ."

"ಸರ್, ತಾವು ಯಾರು?"

"ನಾ ದುರಗಪ್ಪ. ಅಧ್ಯಕ್ಷರ ಯಜಮಾನರು."

ಹುಡುಗಿ ತನ್ನ ಎದುರಿನ ಪರದೆಯಲ್ಲಿ ಏನನ್ನೋ ಹುಡುಕಿದಳು. "ಕ್ಷಮಿಸಿ ಸರ್, ಆ ಹುದ್ದೆ ನಮ್ಮಲ್ಲಿ ಇಲ್ಲ. ನೋಂದಾಯಿತ ವ್ಯಕ್ತಿ ಮಾತ್ರ ಇರಬೇಕು. ತಾವು ದಯವಿಟ್ಟು ಹೊರಗೆ ಹೋಗ್ತೀರಾ? ಸೆಕ್ಯುರಿಟಿ ದೃಷ್ಟಿಯಿಂದ."

ದುರಗಪ್ಪನವರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಹುಡುಗಿಯ ಕಡೆ ನೋಡುತ್ತಿದ್ದರು. ಸೆಕ್ಯುರಿಟಿಯ ಬಗ್ಗೆ ಇಷ್ಟು ದಿನ ಭಾಷಣ ಮಾಡಿದ ಮನುಷ್ಯ ಈಗ ಅದಕ್ಕೆ ವಿರುದ್ಧ ಹೋಗುವ ಹಾಗಿರಲಿಲ್ಲ. ಎದ್ದು ಹೊರಗೆ ಹೋಗಿ, ಟೈರಿನ ಅಂಗಡಿಯ ಮುಂದೆ ನಿಂತರು. ಜೈನಬಿ ಹೋಗಿ ಮೆಲ್ಲಗೆ ಬಾಗಿಲು ಎಳೆದಳು.

"ಹೇಳಿ ಮೇಡಂ, ತಮ್ಮ ಹುದ್ದೆ?"

ಭಾಗ್ಯಜ್ಯೋತಿ ಪರದೆಯ ಹತ್ತಿರಕ್ಕೆ ಬಾಗಿದರು. "ನಾ ಭಾಗ್ಯಜ್ಯೋತಿ. ಈ ಬಳಗದ ಅಧ್ಯಕ್ಷಿ ನಾನ." ಕೇಳದಿದ್ದರೂ ಹೇಳಿದರು, "ರೊಟ್ಟೀನೂ ನಾನ ಬಡೀತೇನಿ."

ಹುಡುಗಿ ನಕ್ಕಳು. ನಂಬರು ಬದಲಾಯಿತು.

ಮುಂದಿನ ಕೆಲಸ ಹಣಮೇಶನದು. ಅವನು ಇದೊಂದು ಗಂಟೆಯ ಕೆಲಸ ಅಂದಿದ್ದ. ಅವನ ಗಂಟೆ ಬಹಳ ದೊಡ್ಡದಿತ್ತು. ಹೊಸ ಸರ್ವರಿಗೆ ಅಂಗಡಿಯನ್ನು ಸಾಗಿಸಿ ತೆರೆದು ನೋಡಿದರೆ, ಅವನು ಹಿಂದೆ ಬರೆದ ಪ್ರೋಗ್ರಾಮು ಹೊಸ ಜಾಗದಲ್ಲಿ ಏಳಲೇ ಇಲ್ಲ. ಅದನ್ನು ಎಬ್ಬಿಸಿದರೆ, ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಶೇಂಗಾ ಹಿಂಡಿಯ ಚಿತ್ರದ ಕೆಳಗೆ ಪ್ರಶ್ನೆಗಳ ಸಾಲು, ಗುರೆಳ್ಳಿನ ಕೆಳಗೆ ಇನ್ನೂ ಉದ್ದದ ಸಾಲು.

"ನಮ್ಮ ರೊಟ್ಟಿ ಏನಂತ ಅದಕ್ಕೂ ತಿಳೀವಲ್ದು," ಅಂದಳು ಜೈನಬಿ.

"ಹಳೇ ಪ್ರೋಗ್ರಾಮು ಯಾರೋ ಕೆಟ್ಟ ಬರದಾರ," ಎಂದು ಗೊಣಗಿದ ಹಣಮೇಶ, ಬರೆದವನು ಯಾರೆಂಬುದು ನೆನಪಾಗಿ ಸುಮ್ಮನಾದ.

ಅವನು ಕಾಲೇಜು ಮುಗಿಸಿ ಹುನಗುಂದದಿಂದಲೇ ದಿನಾ ಸಂಜೆ ಕೆಲಸ ಮಾಡುತ್ತಿದ್ದ. ಸುರೇಖಾ ಇತ್ತ ಕೂತು ಒಂದೊಂದು ಪುಟವನ್ನೂ ತೆರೆದು, ಎಲ್ಲಿ ತಪ್ಪಿದೆ ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಅಕ್ಷರಗಳು ಮರಳಿದವು. ಬೆಲೆಗಳು ಮರಳಿದವು. ಹಸಿರು ಬೀಗವನ್ನು ಅವಳು ತಾನೇ ಕಿತ್ತು ಹಾಕಿದಳು, ಹಣಮೇಶನಿಗೆ ಆ ಪುಣ್ಯ ಬಿಟ್ಟುಕೊಡಲಿಲ್ಲ. ಕೊನೆಗೆ ಪಾವತಿ ಕಂಪನಿಯವರು ಹೊಸ ಸರ್ವರನ್ನು ಪರೀಕ್ಷೆ ಮಾಡಿ, ಎಲ್ಲ ಸರಿಯಾಗಿದೆ ಎಂದು ಒಂದು ಸಾಲಿನ ಉತ್ತರ ಕಳಿಸಿದರು. ಇಷ್ಟೆಲ್ಲ ರಾಮಾಯಣಕ್ಕೆ ಒಂದೇ ಸಾಲು.

ಸುರೇಖಾ ಪುಣೆಗೆ ಫೋನ್ ಮಾಡಿದಳು. ಕಸ್ತೂರಿಬಾಯಿ ಮೊದಲು ಮತ್ತೊಮ್ಮೆ ಬಯ್ದರು, ಆಮೇಲೆ ಫೋನು ಕಿವಿಗೆ ಹಿಡಿದೇ ಆರ್ಡರ್ ಮಾಡಿದರು. ಬಳಗದ ಹೆಂಗಸರೆಲ್ಲ ಸುರೇಖಾಳ ಹಿಂದೆ ಗುಂಪುಗೂಡಿ ಪರದೆ ನೋಡುತ್ತ ನಿಂತರು. ಪಾವತಿ ಆಯಿತು ಎಂಬ ಮಾತು ಬಂದ ಕೂಡಲೆ ಜೈನಬಿ ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದಳೆಂದರೆ ಗೊಬ್ಬರದ ಅಂಗಡಿಯವನು ಓಡಿಬಂದ. ಭಾಗ್ಯಜ್ಯೋತಿ ಮಾತ್ರ ಏನೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡು ಬೋರವ್ವನ ಮನೆ ಕಡೆ ನಡೆದರು. ನಾಳೆಯಿಂದ ಬಾ ಅಂತ ಹೇಳುವುದನ್ನು ಇನ್ನೊಬ್ಬರ ಕೈಲಿ ಹೇಳಿಸಲು ಅವರಿಗೆ ಮನಸ್ಸಾಗಲಿಲ್ಲ.

ದುರಗಪ್ಪನವರು ಈಗಲೂ ಬಳಗಕ್ಕೆ ಬರುತ್ತಾರೆ. ಸರ್ವರ್ ಏರಿಸುವುದು ಎಷ್ಟು ಕಷ್ಟ, ತಾವು ಅದನ್ನು ಹೇಗೆ ದಾಟಿಸಿದರು ಎಂಬುದನ್ನು ಬಸ್ಸಿಗೆ ಕಾಯುವವರಿಗೆ ವಿವರಿಸುತ್ತಾರೆ. ಸೆಕ್ಯುರಿಟಿಗಾಗಿ ತಮ್ಮ ನಂಬರನ್ನೇ ತ್ಯಾಗ ಮಾಡಿದೆ ಎನ್ನುತ್ತಾರೆ. ಕೇಳುವವರಿಗೆ ಬಸ್ಸು ಬರುವವರೆಗೆ ಬೇರೆ ಕೆಲಸವಿರುವುದಿಲ್ಲವಾದ್ದರಿಂದ ತಲೆ ಅಲ್ಲಾಡಿಸುತ್ತಾರೆ.

ದಸರೆ ಮುಗಿದ ಮೇಲೆ ಬಾಗಲಕೋಟೆಯಲ್ಲಿ ಮಹಿಳಾ ಉದ್ಯಮಿಗಳ ಸಭೆಯೊಂದಿತ್ತು. ಭಾಗ್ಯಜ್ಯೋತಿ ಸುರೇಖಾಳ ಜೊತೆ ಬಸ್ಸಿನಲ್ಲಿ ಹೋದರು. ವೇದಿಕೆಯಲ್ಲಿ ಕೂತು, ಮೈಕಿನ ಮುಂದೆ ಎರಡು ಸಲ ತಡವರಿಸಿ, ಆಮೇಲೆ ಖಡಕ್ ರೊಟ್ಟಿಯನ್ನು ಪುಣೆವರೆಗೆ ಮುರಿಯದ ಹಾಗೆ ಹೇಗೆ ಕಟ್ಟಬೇಕೆಂಬುದನ್ನು ಹೇಳಿ ಕೂತರು. ಅವತ್ತಿನ ಭಾಷಣಗಳಲ್ಲಿ ಕೇಳಿದವರು ಬರೆದುಕೊಂಡದ್ದು ಅದೊಂದನ್ನೇ. ತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಸುರೇಖಾ ಏನೋ ಹೇಳಬೇಕೆಂದು ತಿರುಗಿದರೆ, ಅಧ್ಯಕ್ಷರು ಅವಳ ಹೆಗಲಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆ ಮಾಡುತ್ತಿದ್ದರು.